ಬೇಲೂರಿನ ಜಗತಿ

ಹೊಯ್ಸಳ ದೊರೆ ವಿಷ್ಣುವರ್ಧನನು 1117ರಲ್ಲಿ ಬೇಲೂರಿನಲ್ಲಿ ಪ್ರತಿಷ್ಠಾಪಿಸಿದ ಚೆನ್ನಕೇಶವ ದೇವಾಲಯದಲ್ಲಿ ಗರ್ಭಗೃಹದ ಸುತ್ತ ಒಳಗಡೆ ಪ್ರದಕ್ಷಿಣಾಪಥವಿಲ್ಲ. ಗೋಡೆಯ ಅಂಕುಡೊಂಕನ್ನೇ ಅನುಸರಿಸಿ ಹೊರಗೆ ಹಬ್ಬಿರುವ ಎತ್ತರದ ಜಗತಿಯೇ ಆ ಪಥ. ಭಕ್ತನು ಅದರ ಮೇಲೆ ನಡೆಯಬೇಕು. ನಡೆದಂತೆಲ್ಲ ಆನೆಗಳ ಸಾಲು, ಲತೆಗಳು, ಪುರಾಣದ ದೇವತೆಗಳು ಒಂದೊಂದಾಗಿ ಎದುರಾಗಬೇಕು. ಆ ನಡಿಗೆಯೂ ಪೂಜೆಯೇ.

ಆದರೆ ಇಂದಿನ ಭಕ್ತನು ಮಂಗಳಾರತಿಯನ್ನು ಸ್ವೀಕರಿಸಿ ನೇರವಾಗಿ ಹಿಂದಿರುಗುತ್ತಾನೆ. ಪ್ರವಾಸಿಯಾದರೋ ಶಿಲ್ಪಗಳನ್ನು ಕೊಂಡಾಡುತ್ತ, ಒಳಗೆ ಇಂದಿಗೂ ನಿತ್ಯಪೂಜೆ ಸಲ್ಲುತ್ತಿರುವುದನ್ನು ಮರೆಯುತ್ತಾನೆ. ಇಬ್ಬರಿಗೂ ದೊರೆಯುವುದು ಅರ್ಧ ದೇವಾಲಯ. ಇನ್ನು ಕೆಲವರು (ಇವರನ್ನು ಏನೆಂದು ಕರೆಯುವುದೋ!) ಹಳೆಯ ದೇಗುಲಗಳ ಕಲ್ಲಿನ ಮೇಲೆ ತಮ್ಮ ಹೆಸರನ್ನು ಗೀಚುತ್ತಾರೆ. ಬಳ್ಳಿಗಾವೆಯ ದಾಸೋಜನ ಹೆಸರೂ ಬೇಲೂರಿನ ಕಲ್ಲಿನಲ್ಲಿದೆ. ಅದು ಅವನೇ ಕಡೆದ ಮದನಿಕೆಯ ಪೀಠದಲ್ಲಿದೆ.