ಪೊಟ್ಟಣದೊಳಗೂ ರಬ್ಬರಿಗೆ ವಯಸ್ಸಾಗುತ್ತೆ

ನೆಲದಲ್ಲೂ ನೀರಲ್ಲೂ ಓಡುವ ಹಳೇ ಸೇನಾ ವಾಹನಗಳಿಗೆ ಮರುಜೀವ ಕೊಡುವವರ ಸಾಹಸ ಓದಿದಾಗಲೆಲ್ಲ ನನಗೆ ನೆನಪಾಗೋದು ಮಿಸ್ ಮೆಜೆಸ್ಟಿಕ್. ಎರಡನೇ ಮಹಾಯುದ್ಧಕ್ಕಾಗಿ ಅಮೆರಿಕದಲ್ಲಿ ತಯಾರಾದ 21 ಸಾವಿರಕ್ಕೂ ಹೆಚ್ಚು ‘ಡಕ್’ ಟ್ರಕ್ಕುಗಳಲ್ಲಿ ಅದೂ ಒಂದು. ನಾರ್ಮಂಡಿಯಲ್ಲಿ ಹಡಗಿನಿಂದ ದಡಕ್ಕೆ ಸರಕು ಹೊತ್ತ ಇಂಥ ವಾಹನಗಳು, ಯುದ್ಧ ಮುಗಿದ ಮೇಲೆ ಪ್ರವಾಸಿಗರನ್ನು ಹೊತ್ತವು. 1999ರ ಮೇ 1ರಂದು ಅರ್ಕನ್ಸಾದ ಲೇಕ್ ಹ್ಯಾಮಿಲ್ಟನ್‌ನಲ್ಲಿ ಮಿಸ್ ಮೆಜೆಸ್ಟಿಕ್ ಮುಳುಗಿತು. ಅದರಲ್ಲಿದ್ದ 21 ಜನರಲ್ಲಿ 13 ಮಂದಿ ಸತ್ತರು.

ಕಾರಣ ಏನು ಗೊತ್ತೆ? ಡ್ರೈವ್ ಶಾಫ್ಟ್ ಹೊರಹೋಗುವ ತೂತಿಗೆ ಹಾಕಿದ್ದ ರಬ್ಬರ್ ಬೂಟ್ ಸರಿಯಾಗಿ ಬಿಗಿಯಾಗಿರಲಿಲ್ಲ. ನಿರ್ವಹಣೆಯಲ್ಲೇ ಲೋಪ ಅಂದಿತು ಅಲ್ಲಿನ ಸಾರಿಗೆ ಸುರಕ್ಷತಾ ಮಂಡಳಿ. ಲಾರಿಯ ಸೀಲ್ ಹೋದರೆ ಎಣ್ಣೆ ಸೋರುತ್ತೆ. ಇದರ ಸೀಲ್ ಹೋದರೆ ಕೆರೆಯೇ ಒಳಗೆ ಬರುತ್ತೆ.

ಬಿಡಿಭಾಗ ಹುಡುಕುವವರ ದೊಡ್ಡ ಕನಸು, ಯುದ್ಧಕಾಲದ ಪೊಟ್ಟಣವನ್ನೇ ಒಡೆಯದ ಅಸಲಿ ಮಾಲು. ಗೇರಿಗೆ, ಬೋಲ್ಟಿಗೆ ಅದು ಸರಿ. ರಬ್ಬರಿಗೆ ಅಲ್ಲ. ಗಾಳಿ, ಓಝೋನ್, ಬಿಸಿ ತಾಗಿ ರಬ್ಬರು ಇಟ್ಟಲ್ಲೇ ಗಡಸಾಗುತ್ತೆ, ಬಿರಿಯುತ್ತೆ. ಆಯಿಲ್ ಸೀಲಿಗಾದರೆ ದಾರಿ ಇದೆ: ಶಾಫ್ಟಿನ ವ್ಯಾಸ, ಸೀಲ್ ಕೂರುವ ಜಾಗದ ವ್ಯಾಸ, ದಪ್ಪ, ಈ ಮೂರು ಅಳತೆ ಸಿಕ್ಕರೆ ಇವತ್ತಿನ ನೈಟ್ರೈಲ್ ಸೀಲೇ ಎಷ್ಟೋ ಕಡೆ ಕೂರುತ್ತೆ. ಬೂಟ್ ಹಾಗಲ್ಲ, ಅದಕ್ಕೆ ಅದರದ್ದೇ ಅಚ್ಚು ಬೇಕು. ಬೆರಳೆಣಿಕೆ ವಾಹನಕ್ಕೆ ಅಚ್ಚು ಮಾಡಿಸೋದು ದುಬಾರಿ. ‘ಇನ್ನೊಂದು ಸೀಸನ್ ನಡೀಲಿ ಬಿಡು’ ಅನ್ನೋ ಮಾತು ಹುಟ್ಟೋದೇ ಇಲ್ಲಿ.

ಹಾಗಂತ ಎಲ್ಲ ತಪ್ಪನ್ನೂ ಮೆಕ್ಯಾನಿಕ್ ತಲೆಗೆ ಕಟ್ಟಲಾಗದು. ನೀರು ತುಂಬಿದರೂ ತೇಲುವಂತೆ ಈ ವಾಹನಗಳನ್ನು ಬದಲಿಸಿ ಎಂದು ಮಂಡಳಿ ಆಗಲೇ ಹೇಳಿತ್ತು. ಹೆಚ್ಚಿನವರು ಕಿವಿಗೊಡಲಿಲ್ಲ. 2018ರಲ್ಲಿ ಮಿಸೌರಿಯ ಟೇಬಲ್ ರಾಕ್ ಲೇಕ್‌ನಲ್ಲಿ ಬಿರುಗಾಳಿಗೆ ಸಿಕ್ಕಿ ಇನ್ನೊಂದು ಡಕ್ ಮುಳುಗಿತು, 17 ಮಂದಿ ಸತ್ತರು. ಕಾನೂನು ಬಂದದ್ದು 2022ರ ಡಿಸೆಂಬರ್‌ನಲ್ಲಿ.

ನನ್ನ ವಾದ ಇಷ್ಟೇ. ಮ್ಯೂಸಿಯಂನಲ್ಲಿ ನಿಲ್ಲಿಸೋದಾದರೆ ಅಸಲಿ ರಬ್ಬರೇ ಇರಲಿ, ಅದೂ ಇತಿಹಾಸವೇ. ನೀರಿಗಿಳಿಸೋದಾದರೆ ಪ್ರತಿ ಸೀಲ್ ಯಾವಾಗ ತಯಾರಾಯ್ತು, ಯಾವಾಗ ಹಾಕಿದ್ದು ಅನ್ನೋ ಲೆಕ್ಕ ಪುಸ್ತಕದಲ್ಲಿರಬೇಕು. ಟಿಕೆಟ್ ಕೊಂಡವರು ಅದನ್ನು ಕೇಳಿ ನೋಡುವಂತಿರಬೇಕು. ಹಳೇದರ ಮೇಲಿನ ಪ್ರೀತಿ ನಮ್ಮದು, ಸರಿ. ಅದರ ಬೆಲೆಯನ್ನು ಹಿಂದಿನ ಸೀಟಿನಲ್ಲಿ ಕೂತ ಮಗು ತೆರಬಾರದು.