ಆರು ಸೀರೆ, ಎರಡು ಪ್ಯಾಂಟು

ಹೋದ ಭಾನುವಾರ ನಮ್ಮ ಮನೆಯಲ್ಲಿ ಒಂದು ಸಣ್ಣ ಗಲಾಟೆ. ಸೊಸೆಗೆ ಆಫೀಸಿನಲ್ಲಿ ಬಡ್ತಿ ಸಿಕ್ಕಿದೆ. ಮಾರನೇ ದಿನವೇ ಹಿರಿಯ ಅಧಿಕಾರಿಗಳ ಮುಂದೆ ನಿಂತು ಒಂದು ಗಂಟೆ ಮಾತಾಡಬೇಕು. ಬೀರುವಿನ ಬಾಗಿಲು ತೆಗೆದು ನಿಂತವಳು, "ಹಾಕ್ಕೊಳ್ಳೋಕೆ ಒಂದೂ ಇಲ್ಲ" ಅಂದಳು. ಬೀರುವೋ, ಬಾಗಿಲು ಮುಚ್ಚಲಾಗದಷ್ಟು ತುಂಬಿತ್ತು. ಏಳನೇ ತರಗತಿಯ ಮೊಮ್ಮಗಳು ನನ್ನ ಹತ್ತಿರ ಓಡಿ ಬಂದಳು. "ತಾತ, ಅಮ್ಮ ಏನು ಹಾಕ್ಕೋಬೇಕು? ನೀನೇ ಹೇಳು."

ಮಕ್ಕಳೇ, ಆ ಪ್ರಶ್ನೆಗೆ ಉತ್ತರ ಹೇಳುವ ಯೋಗ್ಯತೆ ನನಗಿಲ್ಲ. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದೆ. ಎರಡು ಪ್ಯಾಂಟು, ನಾಲ್ಕು ಶರ್ಟು, ಹರಿದಾಗ ಹೊಸದು. ಆದರೂ ಬಾಯಿ ಸುಮ್ಮನಿರಬೇಕಲ್ಲ! "ನಮ್ಮ ಜಯನಗರದ ಸುಧಾ ಮೂರ್ತಿಯವರು ಕಾಶಿಗೆ ಹೋಗಿ ಬಂದ ಮೇಲೆ ಹೊಸ ಸೀರೆ ಕೊಳ್ಳೋದನ್ನೇ ಬಿಟ್ಟರಂತೆ" ಅಂದೆ.

"ಮಾವ, ನಾನಿನ್ನೂ ಕಾಶಿಗೆ ಹೋಗಿಲ್ಲ" ಅಂದಳು ಸೊಸೆ.

ಅಡುಗೆಮನೆಯಿಂದ ನನ್ನಾಕೆಯ ದನಿ ಬಂತು: "ಬಟ್ಟೆ ವಿಷಯಕ್ಕೆ ಬಾಯಿ ಹಾಕಬೇಡಿ. ಆ ಆರು ಸೀರೆ ಮರೆತುಹೋಯ್ತಾ?"

ಮರೆತಿಲ್ಲ. ಅದನ್ನು ಇವತ್ತು ನಿಮಗೆ ಹೇಳಿಬಿಡುತ್ತೇನೆ.

1977ನೇ ಇಸವಿ. ನಮ್ಮ ಶಾಖೆಗೆ ಮೊದಲ ಬಾರಿಗೆ ಒಬ್ಬ ಮಹಿಳಾ ಗುಮಾಸ್ತೆ ಬಂದರು. ಬೆಂಗಳೂರಿಗೆ ಇದೇನೂ ಹೊಸದಲ್ಲ. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕಿನವರು 1962ರಷ್ಟು ಹಿಂದೆಯೇ ಶೇಷಾದ್ರಿಪುರದಲ್ಲಿ ಬರೀ ಮಹಿಳೆಯರೇ ನಡೆಸುವ ಶಾಖೆ ತೆರೆದಿದ್ದರು. ಆದರೆ ನಮ್ಮ ಶಾಖೆಯ ಗಂಡಸರಿಗೆ ಅದು ಹೊಸದು. ಹಾಗಾಗಿ ನಮ್ಮ ಕಣ್ಣೆಲ್ಲ ಅವರ ಮೇಲೆ.

ಆಗ ವಾರಕ್ಕೆ ಆರು ದಿನ ಕೆಲಸ, ಶನಿವಾರ ಅರ್ಧ ದಿನ. ಅವರ ಹತ್ತಿರ ಇದ್ದದ್ದು ಆರೇ ಸೀರೆ. ಸೋಮವಾರ ನೀಲಿ, ಮಂಗಳವಾರ ಬೂದು, ಹೀಗೆ ಸಾಲಾಗಿ. ಎಲ್ಲವೂ ಗಂಜಿ ಹಾಕಿ ಇಸ್ತ್ರಿ ಮಾಡಿದ ಹತ್ತಿ ಸೀರೆಗಳು. ಎರಡು ತಿಂಗಳಲ್ಲಿ ನಾನು ಆ ಸಾಲನ್ನು ಬಾಯಿಪಾಠ ಮಾಡಿಕೊಂಡೆ. ಒಂದು ಗುರುವಾರ ಕೌಂಟರ್ ಮುಂದೆ ಗ್ರಾಹಕರ ಸಾಲಿತ್ತು. ಒಬ್ಬರು "ಇವತ್ತು ಯಾವ ವಾರ?" ಅಂತ ಕೇಳಿದರು, ಚೆಕ್ ಬರೆಯುತ್ತಾ. ನಾನು ಗಟ್ಟಿಯಾಗಿ, "ಕ್ಯಾಲೆಂಡರ್ ಯಾಕೆ ಸಾರ್, ಮೇಡಂ ಸೀರೆ ನೋಡಿ. ಹಸಿರು, ಅಂದರೆ ಗುರುವಾರ!" ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವರು ಏನೂ ಮಾತಾಡಲಿಲ್ಲ. ತಲೆ ತಗ್ಗಿಸಿ ಹಿತ್ತಾಳೆ ಟೋಕನ್ ಕೊಟ್ಟು, ಮುಂದಿನ ಚೆಕ್ ತೆಗೆದುಕೊಂಡರು. ಮಧ್ಯಾಹ್ನ ಕಾಫಿಗೆ ಬರಲಿಲ್ಲ. ಶುಕ್ರವಾರವೂ ಬರಲಿಲ್ಲ.

ಹೆಡ್ ಕ್ಲರ್ಕ್ ನನ್ನನ್ನು ಪಕ್ಕಕ್ಕೆ ಕರೆದು ಹೇಳಿದರು. ಆಕೆಗೆ ತಂದೆ ಇಲ್ಲ. ಇಬ್ಬರು ತಮ್ಮಂದಿರು ಕಾಲೇಜಿನಲ್ಲಿ. ಇಡೀ ಮನೆ ನಡೆಯುವುದು ಆಕೆಯ ಸಂಬಳದಲ್ಲಿ.

ಒಂದು ವಾರ ಧೈರ್ಯ ಬರಲಿಲ್ಲ. ಆಮೇಲೆ ಒಂದು ಸಂಜೆ ಲೆಕ್ಕ ತಾಳೆಯಾದ ಮೇಲೆ ಹೋಗಿ ನಿಂತು, "ತಪ್ಪಾಯ್ತು ಮೇಡಂ" ಅಂದೆ. ಅವರು ಲೆಡ್ಜರ್ ಮುಚ್ಚಿಟ್ಟು, ಕೋಪವೇ ಇಲ್ಲದ ದನಿಯಲ್ಲಿ ಕೇಳಿದರು: "ಪರವಾಗಿಲ್ಲ ಸಾರ್. ಆದರೆ ನಿಮ್ಮ ಎರಡು ಪ್ಯಾಂಟನ್ನು ಯಾರೂ ಎಣಿಸಲಿಲ್ಲ, ಅಲ್ವಾ?"

ಆ ಮಾತು ಇವತ್ತಿಗೂ ಚುಚ್ಚುತ್ತದೆ. ನಿಜವಾಗಿ ಯಾರೂ ಎಣಿಸಿರಲಿಲ್ಲ.

ಆ ಮೇಲಷ್ಟೇ ನಾನು ಸರಿಯಾಗಿ ನೋಡಿದ್ದು. ಮೇಲಿನ ಅರೆಯಿಂದ ಲೆಡ್ಜರ್ ತೆಗೆಯಲು ಸ್ಟೂಲ್ ಹತ್ತಬೇಕಿತ್ತು, ಅದಕ್ಕೆ ಅವರು ಸೀರೆಯನ್ನು ಎರಡು ಬೆರಳು ಎತ್ತರಕ್ಕೇ ಉಡುತ್ತಿದ್ದರು. ಸೆರಗು ಸ್ಟಾಂಪ್ ಪ್ಯಾಡಿನ ಶಾಯಿಗೆ ತಾಗದಂತೆ ಹೆಗಲಿನ ಹತ್ತಿರ ಪಿನ್ನು. ಕೈಗೆ ಒಂದೊಂದೇ ಬಳೆ, ನೋಟು ಎಣಿಸುವಾಗ ಅಡ್ಡ ಬರಬಾರದಲ್ಲ. ಗಡಿಯಾರದ ಮುಖ ಮಣಿಕಟ್ಟಿನ ಒಳಕ್ಕೆ. ಕುಪ್ಪಸದ ಹೊಲಿಗೆ ಅಚ್ಚುಕಟ್ಟು. ಆರೇ ಸೀರೆಯಾದರೂ ಒಂದರಲ್ಲೂ ಸುಕ್ಕಿಲ್ಲ, ಕಲೆಯಿಲ್ಲ. ಹತ್ತು ವರ್ಷದ ನಂತರ ಅವರು ಅಧಿಕಾರಿಯಾಗಿ ಬೇರೆ ಶಾಖೆಗೆ ಹೋದರು. ಆಗ ಬೇಕಾದಷ್ಟು ಸೀರೆ ಕೊಳ್ಳಬಹುದಿತ್ತು. ಕೊಂಡರು ಕೂಡ, ಆದರೆ ಅದೇ ಥರದವನ್ನೇ. ಮದುವೆಮನೆಯಲ್ಲಿ ದೂರದಿಂದಲೇ ಬೆನ್ನು ನೋಡಿ ಇವರೇ ಅಂತ ಗುರುತು ಹಿಡಿಯಬಹುದಿತ್ತು.

ಇಷ್ಟು ಹೇಳಿದ ಮೇಲೆ ಮೊಮ್ಮಗಳು ತನ್ನ ಪ್ರಾಜೆಕ್ಟ್ ಪುಸ್ತಕ ತಂದಳು. ಅದರಲ್ಲಿ ಒಂದು ಪ್ರಸಿದ್ಧ ಚಿತ್ರ ಅಂಟಿಸಿದ್ದಾಳೆ. 2014ರ ಸೆಪ್ಟೆಂಬರ್ 24ರಂದು ನಮ್ಮ ಮಂಗಳಯಾನ ನೌಕೆ ಮಂಗಳನ ಕಕ್ಷೆ ಸೇರಿದ ದಿನ, ಬೆಂಗಳೂರಿನ ಇಸ್ರೋ ಕೇಂದ್ರದಲ್ಲಿ ಬಣ್ಣಬಣ್ಣದ ಸೀರೆ ಉಟ್ಟು, ಹೂ ಮುಡಿದು ನಗುತ್ತಾ ಸಂಭ್ರಮಿಸುತ್ತಿರುವ ಹೆಂಗಸರು. ಜಗತ್ತೆಲ್ಲ ಆ ಚಿತ್ರ ನೋಡಿ ಬೆರಗಾಯಿತು. ಮೊಮ್ಮಗಳು ಕೆಳಗೆ "ವಿಜ್ಞಾನಿಗಳು" ಅಂತ ಬರೆದಿದ್ದಳು. ತಿದ್ದಿಸಿದೆ. ಅವರು ಆಡಳಿತ ವಿಭಾಗದ ನೌಕರರು ಎಂದು ಇಸ್ರೋದವರೇ ಆಮೇಲೆ ತಿಳಿಸಿದ್ದರು. ಅಂದರೆ ನನ್ನಂಥವರೇ, ಕಡತ, ಲೆಕ್ಕ ನೋಡುವವರು! ಗುಮಾಸ್ತರ ಜಾತಿಗೆ ಇಂಥ ಪ್ರಸಿದ್ಧಿ ಹಿಂದೆ ಸಿಕ್ಕಿರಲಿಲ್ಲ ಬಿಡಿ. ಹಾಗಂತ ಮಹಿಳಾ ವಿಜ್ಞಾನಿಗಳು ಇರಲಿಲ್ಲ ಅಂತಲ್ಲ. ನಂದಿನಿ ಹರಿನಾಥ್, ರಿತು ಕರಿಧಾಲ್ ಅದೇ ಯೋಜನೆಯ ಉಪ ಕಾರ್ಯಾಚರಣೆ ನಿರ್ದೇಶಕಿಯರಾಗಿದ್ದರು. ಉಪಗ್ರಹ ಜೋಡಿಸುವ ಧೂಳಿಲ್ಲದ ಕೋಣೆಗೆ ಮಾತ್ರ ಯಾರೇ ಹೋಗಲಿ, ಮೈ ಮುಚ್ಚುವ ನಿಲುವಂಗಿ, ತಲೆಗೆ ಟೋಪಿ. ಅಲ್ಲಿ ರೇಷ್ಮೆಯೂ ಇಲ್ಲ, ಮಲ್ಲಿಗೆಯೂ ಇಲ್ಲ.

ರೇಷ್ಮೆ ಅಂದಾಗ ನನ್ನಾಕೆ ತನ್ನ ಮೈಸೂರು ಸಿಲ್ಕ್ ತಂದಳು. ಮೈಸೂರಿನಲ್ಲಿ 1912ರಲ್ಲಿ ಶುರುವಾದ ಕಾರ್ಖಾನೆಯ ಸೀರೆ. ಈಗಂತೂ ಅಲ್ಲಿಂದ ಬರುವ ಪ್ರತಿ ಸೀರೆಗೂ ನೋಟಿನ ಹಾಗೆ ಅದರದೇ ಗುರುತಿನ ಸಂಖ್ಯೆ ಇರುತ್ತದೆ. (ಬಿಟಿಎಂ ಮಕ್ಕಳಿಗೆ ಸಿಲ್ಕ್ ಬೋರ್ಡ್ ಅಂದರೆ ಟ್ರಾಫಿಕ್ ಜಾಮ್ ಅಷ್ಟೇ. 1948ರ ಕಾಯಿದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿಯ ಕಚೇರಿ ಅಲ್ಲಿದೆ, ಸಿಗ್ನಲ್‌ಗೆ ಆ ಹೆಸರು ಬಂದದ್ದು ಅದರಿಂದ. ಒಂದು ಎಳೆ ಸುಟ್ಟರೆ ಕೂದಲು ಸುಟ್ಟ ವಾಸನೆ ಬಂದು, ಬೂದಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್. ದೊಡ್ಡವರು ಜೊತೆಗಿದ್ದಾಗ ಮಾತ್ರ ನೋಡಿ, ಅಜ್ಜಿಯ ಸೀರೆಯಿಂದ ಎಳೆ ಕೀಳಬೇಡಿ.) ಸೊಸೆ ಅದನ್ನು ಹೆಗಲ ಮೇಲೆ ಹಾಕಿ ಕನ್ನಡಿ ನೋಡಿಕೊಂಡಳು. "ಅತ್ತೆ, ಇದು ನಿಮ್ಮ ಬಣ್ಣ. ಮೆಟ್ರೋದಲ್ಲಿ ನಿಂತು ಹೋಗಬೇಕು, ನನ್ನ ಗಮನವೆಲ್ಲ ಸೆರಗಿನ ಮೇಲೇ ಇರುತ್ತೆ" ಅಂತ ಜೋಪಾನವಾಗಿ ಮಡಿಸಿ ವಾಪಸ್ ಕೊಟ್ಟಳು. ನನ್ನಾಕೆಗೆ ಬೇಸರವಾಗಲಿಲ್ಲ. ಒಳಗೊಳಗೆ ಖುಷಿಯೇ ಆಯಿತೇನೋ.

ನನಗೆ ಗೊತ್ತಿರುವುದು ಲೆಕ್ಕ ಮಾತ್ರ. ಮೊಮ್ಮಗಳಿಗೆ ಪೆನ್ಸಿಲ್ ಕೊಟ್ಟೆ. 600 ರೂಪಾಯಿಯ ಕುರ್ತಾ ನಾಲ್ಕು ಸಲ ಹಾಕಿ ಬಿಟ್ಟರೆ ಒಂದು ಸಲಕ್ಕೆ ಎಷ್ಟು? 150. 3,000 ರೂಪಾಯಿಯದನ್ನು 150 ಸಲ ಹಾಕಿದರೆ? 20. "ಹಾಗಾದರೆ ಅಗ್ಗದ್ದೇ ದುಬಾರಿ!" ಅಂದಳು. ಸೊಸೆ ಕೇಳಿಸಿಕೊಂಡು ಬೀರುವಿನ ತಳದಿಂದ ಒಂದು ನೀಲಿ ಕೈಮಗ್ಗದ ಕುರ್ತಾ ಎಳೆದಳು. ಪ್ರತಿ ವಾರ ಹಾಕುವುದೇ. "ಇದು ಎಲ್ಲರೂ ನೋಡಿರೋದು, ಅದಕ್ಕೇ ಬೇಡ ಅಂದ್ಕೊಂಡೆ" ಅಂದಳು. ನಾನು ಈ ಸಲ ಬಾಯಿ ಬಿಡಲಿಲ್ಲ. ಮೊಮ್ಮಗಳೇ, "ನೋಡಿದರೆ ಏನಮ್ಮ? ತಾತನ ಪ್ಯಾಂಟನ್ನೂ ಎಲ್ಲರೂ ನೋಡಿದ್ದರಲ್ಲ" ಅಂದಳು.

ಆ ಕುರ್ತಾಕ್ಕೆ ಜೇಬು ಇರಲಿಲ್ಲ. ಹೆಂಗಸರ ಉಡುಪಿಗೆ ಜೇಬು ಇಡಬಾರದು ಅಂತ ಯಾರು ಕಾನೂನು ಮಾಡಿದರೋ! ನಮ್ಮ ಅಡ್ಡರಸ್ತೆಯ ಟೈಲರ್ ಭಾನುವಾರ ಸಂಜೆ ಅಂಗಡಿ ತೆರೆದಿದ್ದ. ತೋಳನ್ನು ಒಂದು ಬೆರಳು ಮಡಿಸಿ, ಬದಿಗೆ ಮೊಬೈಲ್ ಹಿಡಿಯುವಷ್ಟು ಜೇಬು ಹೊಲಿದುಕೊಟ್ಟ. ಬೆಳಿಗ್ಗೆ ಅವಳು ಅದೇ ಕುರ್ತಾ ಹಾಕಿ, ಹಳದಿ ಮಾರ್ಗದ ಮೆಟ್ರೋ ಹತ್ತಿ ಎಲೆಕ್ಟ್ರಾನಿಕ್ ಸಿಟಿಗೆ ಹೋದಳು. ಸಂಜೆ ಬಂದವಳನ್ನು ಮಾತು ಹೇಗಾಯಿತು ಅಂತ ಕೇಳಿದೆ. "ಚೆನ್ನಾಗಾಯ್ತು ಮಾವ. ಬಟ್ಟೆ ಬಗ್ಗೆ ಒಬ್ಬರೂ ಏನೂ ಕೇಳಲಿಲ್ಲ" ಅಂದಳು.

ಈಗ ಮೊಮ್ಮಗಳು ನನ್ನ ಹಳೆಯ ಲೆಡ್ಜರಿನ ಖಾಲಿ ಹಾಳೆಗಳನ್ನು ವಶಪಡಿಸಿಕೊಂಡಿದ್ದಾಳೆ. ಮೊದಲ ಪುಟ ಅಮ್ಮನ ನೀಲಿ ಕುರ್ತಾ, ಹಾಕಿದ ದಿನಕ್ಕೊಂದು ಗೀಟು. ಎರಡನೇ ಪುಟ ನನ್ನ ಕಂದು ಸ್ವೆಟರ್. ಖರೀದಿಸಿದ ವರ್ಷದ ಕಾಲಂನಲ್ಲಿ ಬರೆದಿದ್ದಾಳೆ: "ತಾತನಿಗೇ ನೆನಪಿಲ್ಲ."