ಕಹಿಯ ಮರ್ಯಾದೆ, ಹುಳಿಯ ಅಪಕೀರ್ತಿ

ಕಹಿಗೆ ನಾಲಗೆ ತಾನಾಗಿ ಒಲಿಯುವುದಿಲ್ಲ; ಅದನ್ನು ಕಲಿಯಬೇಕು. ಯುಗಾದಿಯ ಬೇವನ್ನು ಮುಖ ಕಿವುಚಿಕೊಂಡು ನುಂಗುವ ಮಗು ಮುಂದೊಂದು ದಿನ ಹಾಗಲಕಾಯಿಯ ಗೊಜ್ಜನ್ನು ಕೇಳಿ ಬಡಿಸಿಕೊಳ್ಳುತ್ತದೆ. 2010ರಿಂದೀಚೆಗೆ ಬೆಂಗಳೂರಿನಲ್ಲಿ ಬೆಳೆದು ಬಂದಿರುವ ಮೈಕ್ರೊಬ್ರೂವರಿಗಳಲ್ಲೊಂದರಲ್ಲಿ ಹಾಪ್ಸ್ ಹೆಚ್ಚಾಗಿ ಬೆರೆತ ಬಿಯರನ್ನು ನಾನು ರುಚಿ ನೋಡಿದ್ದುಂಟು. ಮೊದಲು ಕಿತ್ತಳೆಯ ಸಿಪ್ಪೆ ಹಿಂಡಿದಂಥ ಪರಿಮಳ. ಆಮೇಲೆ ಗುಟುಕು ಇಳಿದರೂ ತಾನು ಇಳಿಯದ ಕಹಿ. ಸುತ್ತ ಕುಳಿತ ವಿದ್ಯಾವಂತ ತರುಣರು ಅದರ ಗುಣದೋಷಗಳನ್ನು ಕಾವ್ಯವಿಮರ್ಶೆಯ ಗಾಂಭೀರ್ಯದಿಂದ ಚರ್ಚಿಸುತ್ತಿದ್ದರು. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳ ಹಳ್ಳದ ದಂಡೆಯಲ್ಲಿ ಬೆಳೆಯುವ ಈಚಲಿನ ಹೆಂಡಕ್ಕೂ ಒಂದು ರುಚಿಯುಂಟು. ಆ ರುಚಿಗೆ ವಿಮರ್ಶಕರು ದೊರೆಯಲಿಲ್ಲ; ಪೊಲೀಸರು ದೊರೆತರು. ಈ ತಾರತಮ್ಯದ ಕಾರಣವನ್ನು ವಿಚಾರಿಸುವುದು ಅನುಚಿತವಾಗಲಾರದು.

ಹಾಪ್ಸ್ ಎಂಬುದು ತಂಪು ದೇಶಗಳ ಒಂದು ಬಳ್ಳಿಯ ಹೂಗೊಂಚಲು. ಅದರ ಅಂಟು ಜವೆಗೋಧಿಯ ರಸದೊಡನೆ ಕುದಿದಾಗ ಕಹಿ ಹುಟ್ಟುತ್ತದೆ. ಆದರೆ ಕಹಿಯೊಂದೇ ಅದರ ಪ್ರಯೋಜನವಲ್ಲ. ಬಿಯರನ್ನು ಹುಳಿಗೆಡಿಸುವ ಬ್ಯಾಕ್ಟೀರಿಯಗಳನ್ನು ಅದು ತಡೆಯುತ್ತದೆ. 1516ರಲ್ಲಿ ಬವೇರಿಯದ ಶಾಸನವು ಬಿಯರಿಗೆ ಜವೆಗೋಧಿ, ಹಾಪ್ಸ್, ನೀರು ಈ ಮೂರನ್ನೇ ವಿಧಿಸಿತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಲಂಡನ್ನಿನಿಂದ ಹಡಗೇರಿ ನಮ್ಮ ದೇಶಕ್ಕೆ ಬರುತ್ತಿದ್ದ ಬಿಯರ್, ತಿಂಗಳುಗಟ್ಟಲೆಯ ಪಯಣವನ್ನು ತಾಳಿಕೊಂಡದ್ದು ಹೆಚ್ಚಾಗಿ ಹಾಕಿದ ಹಾಪ್ಸಿನ ನೆರವಿನಿಂದ. ಇಂದು ಬೆಂಗಳೂರಿನಲ್ಲಿ ಮೆಚ್ಚುಗೆ ಪಡೆದಿರುವ ‘ಇಂಡಿಯ ಪೇಲ್ ಏಲ್’ ಎಂಬ ಹೆಸರಿನ ಮೂಲ ಅಲ್ಲಿದೆ.

ಹೆಂಡಕ್ಕೆ ಇಂಥ ಕಾವಲಿಲ್ಲ. ನಸುಕಿನಲ್ಲಿ ಮರದಿಂದಿಳಿದಾಗ ಅದು ಸಿಹಿ, ಬಿಸಿಲೇರಿದಂತೆ ಗಾಳಿಯ ಯೀಸ್ಟ್ ತನ್ನ ಕೆಲಸ ಮಾಡಿ ನೊರೆಯೆಬ್ಬಿಸುತ್ತದೆ, ಸಂಜೆಗೆ ಹುಳಿ, ಮರುದಿನಕ್ಕೆ ಅದು ಕಾಡಿಯೇ ಸರಿ. ಊರು ದಾಟಿ ಹೋಗಲಾರದ, ಕೂಡಿಡಲಾರದ ಪದಾರ್ಥಕ್ಕೆ ಕಾರ್ಖಾನೆ ಕಟ್ಟುವವರಿಲ್ಲ. ಸೀಸೆಯಲ್ಲಿ ಮುಚ್ಚಿ ಮುದ್ರೆಯೊತ್ತಿದ್ದನ್ನು ಎಣಿಸಿ ಸುಂಕ ವಸೂಲು ಮಾಡುವುದು ಸುಲಭ. ಮರಮರಕ್ಕೆ ಕಟ್ಟಿದ ಮಡಕೆಯನ್ನು ಎಣಿಸುವುದು ಕಷ್ಟ. ಅಬಕಾರಿಯ ಕಣ್ಣಿನಲ್ಲಿ ಕಹಿಗೆ ಮರ್ಯಾದೆಯೂ ಹುಳಿಗೆ ಅಪಕೀರ್ತಿಯೂ ಬಂದುದಕ್ಕೆ ಇದೊಂದು ಕಾರಣವೆಂದು ನನ್ನ ಅಭಿಪ್ರಾಯ.

ಹೆಂಡವನ್ನು ವಿರೋಧಿಸಿದವರು ಅವಿವೇಕಿಗಳೆಂದು ನಾನು ಹೇಳುತ್ತಿಲ್ಲ. 1939ರಲ್ಲಿ ಶಿರಾದ ನೆರೆಯ ಚಿತ್ರದುರ್ಗ ಜಿಲ್ಲೆಯ ತುರುವನೂರಿನಲ್ಲಿ ಈಚಲು ಮರಗಳನ್ನು ಕಡಿದು ಸತ್ಯಾಗ್ರಹ ನಡೆಸಿ ಸೆರೆಮನೆಗೆ ಹೋದವರು ದೇಶಭಕ್ತರು. ಕುಡುಕನ ಮನೆಯ ಹೆಂಗಸಿನ ಕಣ್ಣೀರನ್ನು ಅವರು ಬಲ್ಲವರಾಗಿದ್ದರು. ಮುಂದೆ ಹೆಂಡಕ್ಕೆ ಕ್ಲೋರಲ್ ಹೈಡ್ರೇಟ್‌ನಂಥ ಮತ್ತಿನ ಪುಡಿಯನ್ನು ಬೆರೆಸಿ ಮಾರಿದವರೂ ಇದ್ದರು. ಈ ಶತಮಾನದ ಮೊದಲ ದಶಕದಲ್ಲಿ, ಕರಾವಳಿಯಂಥ ಕೆಲವು ಕಡೆಗಳನ್ನು ಬಿಟ್ಟು, ರಾಜ್ಯದಲ್ಲಿ ಸೇಂದಿಗೆ ತಡೆ ಬಿತ್ತು. 2007ರ ಜುಲೈ 1ರಿಂದ ಸಾರಾಯಿಯೂ ನಿಂತಿತು.

ನಿಂತದ್ದು ಕುಡಿತವೇ ಎಂಬುದು ಪ್ರಶ್ನೆ. ಹೆಂಡದಲ್ಲಿ ಮದ್ಯಸಾರದ ಪ್ರಮಾಣ ಬಿಯರಿನಂತೆಯೇ, ಸುಮಾರಾಗಿ ನೂರಕ್ಕೆ ಐದು. ಅದರ ಸ್ಥಾನಕ್ಕೆ ಹಳ್ಳಿಗಳಿಗೆ ಬಂದುದು ನೂರಕ್ಕೆ 42.8ರಷ್ಟು ಮದ್ಯಸಾರವುಳ್ಳ ಅಗ್ಗದ ವಿಸ್ಕಿಯ 90 ಮಿಲಿಲೀಟರಿನ ಪೊಟ್ಟಣ. ಲೆಕ್ಕ ಹಾಕಿ ನೋಡಿದರೆ, ಅಂಗೈಯಲ್ಲಿ ಅಡಗುವ ಆ ಪೊಟ್ಟಣದಲ್ಲಿ 38 ಮಿಲಿಲೀಟರಿಗಿಂತ ಹೆಚ್ಚು ಮದ್ಯಸಾರವಿದೆ. 650 ಮಿಲಿಲೀಟರಿನ ಸಾಧಾರಣ ಬಿಯರ್ ಸೀಸೆಯಲ್ಲಿರುವುದು 32 ಚಿಲ್ಲರೆ. ಕೂಲಿಯ ಹಣದಲ್ಲಿ ಮಡಕೆಯನ್ನು ತಪ್ಪಿಸಿ ಪೊಟ್ಟಣವನ್ನು ಕೊಟ್ಟದ್ದರಿಂದ ಆ ಹೆಂಗಸಿನ ಕಣ್ಣೀರು ಕಡಿಮೆಯಾದೀತೆ?

ಪಾವಗಡದ ಗಡಿಯಲ್ಲಂತೂ ಈ ವಿಚಿತ್ರ ಕಣ್ಣಿಗೆ ಹೊಡೆಯುತ್ತದೆ. ಆ ತಾಲ್ಲೂಕನ್ನು ಬಹುಮಟ್ಟಿಗೆ ಆಂಧ್ರದ ನೆಲ ಸುತ್ತುವರಿದಿದೆ. ಈಚಲಿಗೆ ರಾಜ್ಯದ ಗಡಿ ತಿಳಿಯದು. ಆದರೂ ಆಚೆಯ ಮರದ ಕಳ್ಳು ಪರವಾನಗಿಯ ವೃತ್ತಿ, ಈಚೆಯ ಮರದ ಹೆಂಡ ಅಪರಾಧ. ಹನ್ನೆರಡನೆಯ ಶತಮಾನದ ಶರಣರು ಹೆಂಡದ ಮಾರಯ್ಯನನ್ನು ತಮ್ಮ ಸಾಲಿನಲ್ಲಿ ಕೂರಿಸಿಕೊಂಡರು. ನಮ್ಮ ಕಾಲಕ್ಕೆ ಬಂದರೆ, ಮರ ಹತ್ತುವ ಈಡಿಗನ ಕೌಶಲ ಒಂದು ತಲೆಮಾರಿನಲ್ಲಿ ಮರೆಯಾಗುತ್ತಿದೆ. ಈಚಲಿಗೆ ಪೊರಕೆಯ ಗರಿಯನ್ನು ಕೊಡುವ ಕೆಲಸವೊಂದು ಉಳಿದಿದೆ.

ಕುಡಿತವನ್ನು ಹೊಗಳುವುದು ನನ್ನ ಉದ್ದೇಶವಲ್ಲ. ಯಾರೂ ಕುಡಿಯದಿದ್ದರೆ ಲೋಕಕ್ಕೆ ನಷ್ಟವಿಲ್ಲ. ಆದರೆ ಕಾನೂನು ಅಳೆಯಬೇಕಾದದ್ದು ಪಾನೀಯದ ಬಲವನ್ನು, ಕಲಬೆರಕೆಯನ್ನು, ಕುಡಿಯುವವನ ಅಂಗಿಯನ್ನಲ್ಲ. ನಗರದ ಬಿಯರನ್ನು ಪರೀಕ್ಷಿಸಿ ಪರವಾನಗಿ ಕೊಡಬಲ್ಲ ಸರ್ಕಾರವು ಹಳ್ಳಿಯ ಮರಗಳನ್ನು ಎಣಿಸಿ, ಹೆಂಡವನ್ನು ಪರೀಕ್ಷಿಸಿ, ತಪ್ಪಿದವನನ್ನು ದಂಡಿಸಲಾರದೆ? ಅದು ಆಗದೆಂದರೆ ಪೊಟ್ಟಣವನ್ನೂ ನಿಲ್ಲಿಸಲಿ. ಎರಡನ್ನೂ ಮಾಡದೆ ಖಜಾನೆ ತುಂಬಿಸಿಕೊಳ್ಳುವುದನ್ನು ಪಾನನಿರೋಧವೆಂದು ಕರೆಯುವುದು ಭಾಷೆಗೆ ಬಗೆಯುವ ದ್ರೋಹ.